ಅಮ್ಮನ ಬಿಡು, ಅಕ್ಕನ ಬಿಡು

“ಇನ್ನೂ ಬಿಗಿಯಾಗಿ ಎಳಿ.”

“ಎಳೆದ್ರೆ ಕೈ ನೀಲಿ ಆಗುತ್ತೆ.”

“ಆಗ್ಲಿ. ಎಳಿ ಅಂದೆ.”

ಚೋಟು ನಾಲಿಗೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ಟೇಪ್ ಎಳೆದಳು. ಅಕ್ಕ ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಹಿಂದಿನ ದಿನ ಅಭ್ಯಾಸದಲ್ಲಿ ಬಿದ್ದು ಅವಳ ಎಡಗೈ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತ್ತು. ಮಾತು ಹೊರಗೆ ಕೇಳಬಾರದೆಂದು ನಲ್ಲಿ ತಿರುಗಿಸಿಟ್ಟಿದ್ದಳು.

ಟೇಪ್ ಮುಗಿದ ಕಡೆ ಚೋಟು ಅದರ ತುದಿಯನ್ನು ಚೂರು ಮಡಚಿದಳು. ಅದು ಅವಳ ಅಭ್ಯಾಸ. ಹಾಗೆ ಮಡಚಿದರೆ ಆಮೇಲೆ ಬಿಚ್ಚುವಾಗ ತುದಿ ಹುಡುಕಿ ಉಗುರು ಸವೆಸಬೇಕಾಗಿಲ್ಲ.

“ಅಕ್ಕಾ, ಕೋಚ್ ಸರ್‌ಗೆ ಹೇಳೋಣ.”

“ಹೇಳಿದ್ರೆ ಬೈಕ್ ಹತ್ತೋಕೇ ಬಿಡಲ್ಲ. ಅಮ್ಮಂಗೂ ಹೇಳ್ಬೇಡ. ಬಾಯಿ ಬಿಟ್ಟೆ ಅಂದ್ರೆ ನೋಡು!”

“ಹೇಳಲ್ಲ” ಅಂದಳು ಚೋಟು.

ಹೊರಗಿನಿಂದ ಅಮ್ಮ ಬಾಗಿಲು ತಟ್ಟಿದಳು. “ಇಬ್ರೂ ಒಳಗೆ ಏನ್ ಮಾಡ್ತಿದೀರಾ? ನೀರು ಸುಮ್ನೆ ಹೋಗ್ತಿದೆ!”

“ಚೋಟು ನನ್ನ ಬಾಚಣಿಗೆ ಕೊಡ್ತಿಲ್ಲಮ್ಮಾ!” ಅಕ್ಕ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು.

“ಬಿಡೇ, ಹೋಗ್ಲಿ. ಚಿಕ್ಕವಳು.”

ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ‘ಬಿಡು’ ಕೇಳಿಸುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ಹಾಲು ಉಕ್ಕಿದರೆ, ಗ್ಲಾಸು ಒಡೆದರೆ, ಅಕ್ಕ ತಂಗಿ ಕಿತ್ತಾಡಿದರೆ, ಅಮ್ಮನದು ಒಂದೇ ಮಾತು: ಬಿಡು, ಹೋಗ್ಲಿ. ಅಮ್ಮ ಶಾಲೆಯ ಬಸ್ಸು ಓಡಿಸುತ್ತಾಳೆ. ಬಸ್ಸಿನಲ್ಲಿ ಜುಟ್ಟು ಹಿಡಿದು ಜಗಳವಾಡುವ ಮಕ್ಕಳಿಗೂ ಕನ್ನಡಿ ನೋಡಿಕೊಂಡೇ ಅದನ್ನೇ ಹೇಳುತ್ತಾಳೆ. ಅವರು ಬಿಟ್ಟೂ ಬಿಡುತ್ತಾರೆ.

ಬೇರೆಯವರ ಅಕ್ಕಂದಿರು ಆಫೀಸಿಗೋ ಆಸ್ಪತ್ರೆಗೋ ಹೋದ ಹಾಗೆ ಚೋಟುವಿನ ಅಕ್ಕ ಟ್ರ್ಯಾಕಿಗೆ ಹೋಗುತ್ತಾಳೆ. ಮಣ್ಣಿನ ಟ್ರ್ಯಾಕು. ಉದ್ದಕ್ಕೂ ದಿಬ್ಬ, ಹಳ್ಳ, ಕೆಸರು. ಅದರ ಮೇಲೆ ಬೈಕು ಹಾರಿಸುವುದೇ ಅವಳ ಕೆಲಸ.

ಬೈಕಿನ ಮೇಲೆ ಕೂರುತ್ತಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವಳು ಕೂರುವುದು ಕಡಿಮೆ. ಇಳಿಜಾರು ಬಂದರೆ ಎದ್ದು ನಿಲ್ಲಬೇಕು, ಹಳ್ಳ ಬಂದರೆ ನಿಲ್ಲಬೇಕು. ಅದಕ್ಕೇ ಬೆಳಗ್ಗೆ ಎದ್ದು ಓಡುತ್ತಾಳೆ, ಹಗ್ಗ ಜಿಗಿಯುತ್ತಾಳೆ, ಗೋಡೆಗೆ ಬೆನ್ನು ಒತ್ತಿ ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಕೂತು ತೊಡೆ ನಡುಗುವ ತನಕ ಏಳುವುದಿಲ್ಲ. ಟಿವಿ ನೋಡುವಾಗಲೂ ಕೈಯಲ್ಲಿ ಚೆಂಡು ಹಿಸುಕುತ್ತಿರುತ್ತಾಳೆ. ರಾತ್ರಿ ಊಟ ಮುಗಿಸಿ ಎಲ್ಲರಿಗಿಂತ ಮೊದಲು ಮಲಗುತ್ತಾಳೆ. “ದೊಡ್ಡವಳಾದ್ರೆ ಲೇಟಾಗಿ ಮಲಗ್ಬಹುದು ಅಂದ್ಕೊಂಡಿದ್ದೆ. ಇವಳನ್ನ ನೋಡಿದ್ರೆ ಆಸೆನೇ ಹೋಯ್ತು” ಅಂತ ಚೋಟು ಗೆಳತಿಯರ ಮುಂದೆ ಹೇಳುತ್ತಾಳೆ.

ಚೋಟು ಅಂದರೆ ಚೋಟುದ್ದ ಇರುವವಳು. ಐದನೇ ಕ್ಲಾಸು. ಆದರೂ ಟ್ರ್ಯಾಕಿನಲ್ಲಿ ಅವಳಿಗೊಂದು ಕೆಲಸ ಇದೆ. ರೇಸಿನಲ್ಲಿ ಅಕ್ಕನಿಗೆ ಯಾರ ಕೂಗೂ ಕೇಳಿಸುವುದಿಲ್ಲ. ಮೇಲೆ ಹೆಲ್ಮೆಟ್, ಕೆಳಗೆ ಇಂಜಿನ್. ಹಾಗಾಗಿ ಟ್ರ್ಯಾಕಿನ ಅಂಚಿನಲ್ಲಿ ನಿಂತು ಕಪ್ಪು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಕೋಚ್ ಸರ್ ಬರೆದರೆ ಕೋಳಿ ಕೆದರಿದ ಹಾಗಿರುತ್ತದೆ. ಒಮ್ಮೆ ಅವರು ಬರೆದ ‘ಒಳಗೆ’ಯನ್ನು ಅಕ್ಕ ‘ಹೊರಗೆ’ ಅಂತ ಓದಿ ಬೇಲಿಗೆ ಹೋಗಿ ತಗುಲಿಕೊಂಡಿದ್ದಳು. ಅವತ್ತಿನಿಂದ ಸೀಮೆಸುಣ್ಣ ಚೋಟುವಿನ ಕೈಗೆ ಬಂತು.

“ಕತೆ ಬರೀಬೇಡ. ಒಂದು ನಂಬರು, ಒಂದು ಪದ. ಅಷ್ಟೇ” ಎಂದಿದ್ದರು ಕೋಚ್ ಸರ್. ಎಷ್ಟನೇ ಸ್ಥಾನ ಅಂತ ನಂಬರು. ‘ಒಳಗೆ’ ಅಂದರೆ ತಿರುವಿನ ಒಳಗಿನಿಂದ ಬಾ. ‘ಉಸಿರು’ ಅಂದರೆ ಉಸಿರಾಡು. ರೇಸಿನ ಭರದಲ್ಲಿ ಉಸಿರಾಡುವುದನ್ನೂ ಮರೆಯುತ್ತಾರಂತೆ.

ಈ ಕೆಲಸದಿಂದ ಚೋಟುವಿನ ಅಕ್ಷರ ಎಷ್ಟು ದಪ್ಪವಾಯಿತೆಂದರೆ, ಕ್ಲಾಸ್ ಟೀಚರ್ ಹಣೆ ಚಚ್ಚಿಕೊಂಡರು. “ಪುಟಕ್ಕೆ ನಾಲ್ಕೇ ಪದ! ಪಕ್ಕದ ಬೀದಿಯಲ್ಲಿ ನಿಂತ್ಕೊಂಡೇ ನಿನ್ನ ಹೋಂವರ್ಕ್ ತಿದ್ದಬಹುದು ಬಿಡು.”

ಟೇಪ್ ಸುತ್ತಿದ ಆ ದಿನವೇ ರೇಸು. ಬಿಸಿಲು ನೆತ್ತಿ ಸುಡುತ್ತಿತ್ತು. ಕೋಚ್ ಸರ್ ಗಂಟಲು ಎಂದಿನಂತೆ ಕೆಟ್ಟಿತ್ತು. ಅಭ್ಯಾಸದಲ್ಲಿ ಕೂಗಿ ಕೂಗಿ ಅವರ ದನಿ ಹರಿದ ತಮಟೆಯಂತಾಗಿತ್ತು.

“ಮೊದಲ ಮೂರರಲ್ಲಿ ಬಂದ್ರೆ ಮುಂದಿನ ಸೀಸನ್‌ಗೂ ಬೈಕು ನಿಂದು. ಇಲ್ಲಾಂದ್ರೆ ಟೀಮಿನೋರು ಬೇರೆ ರೈಡರ್‌ಗೆ ಕೊಡ್ತಾರೆ. ಗೊತ್ತಲ್ಲ?” ಎಂದರು.

“ಗೊತ್ತು ಸರ್” ಅಂದಳು ಅಕ್ಕ. ಗ್ಲೌಸ್ ಹಾಕಿಕೊಂಡೇ ಬಂದಿದ್ದಳು. ಎಲ್ಲರೂ ಗ್ಲೌಸನ್ನು ಕೊನೆಗೆ ಹಾಕಿಕೊಳ್ಳುತ್ತಾರೆ. ಅದನ್ನು ಚೋಟು ಬಿಟ್ಟು ಬೇರೆ ಯಾರೂ ಗಮನಿಸಲಿಲ್ಲ.

ಶುರುವಿನ ಗೆರೆಯಲ್ಲಿ ಅಡ್ಡ ಇದ್ದ ಗೇಟು ಬಿತ್ತು. ಬೈಕುಗಳು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದವು. ಧೂಳಿನಲ್ಲಿ ಯಾರು ಯಾರೆಂದು ಗೊತ್ತಾಗಲಿಲ್ಲ. ಧೂಳು ಇಳಿದಾಗ ಅಕ್ಕ ನಾಲ್ಕನೆಯವಳಾಗಿದ್ದಳು.

ಟ್ರ್ಯಾಕಿನ ನಡುವೆ ಎಲ್ಲಕ್ಕಿಂತ ದೊಡ್ಡ ದಿಬ್ಬ. ರೈಡರ್‌ಗಳು ಅದಕ್ಕೆ ‘ಅಜ್ಜಿ ಗೂನು’ ಅಂತ ಹೆಸರಿಟ್ಟಿದ್ದರು. ಧೈರ್ಯ ಇದ್ದವರು ಅದರ ಮೇಲಿಂದ ಹಾರಿ ಆಚೆ ಕಡೆಯ ಇಳಿಜಾರಿಗೆ ಇಳಿಯುತ್ತಾರೆ. ಇಲ್ಲದವರು ನಿಧಾನ ಹತ್ತಿ ನಿಧಾನ ಇಳಿಯುತ್ತಾರೆ. ಅಕ್ಕ ಯಾವತ್ತೂ ಹಾರುವವಳು. ಇವತ್ತು ಹತ್ತಿ ಇಳಿಯುತ್ತಿದ್ದಳು.

“ಏನಾಗಿದೆ ಇವಳಿಗೆ?” ಕೋಚ್ ಸರ್ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು. “ಮೈಯೆಲ್ಲ ಮರದ ತುಂಡಿನ ಹಾಗೆ ಮಾಡ್ಕೊಂಡಿದಾಳೆ. ಚೋಟು, ನಾಲ್ಕು ಅಂತ ಬರಿ. ‘ಉಸಿರು’ ಅಂತ ಬರಿ.”

ಚೋಟು ಬರೆದು ತೋರಿಸಿದಳು. ಅಕ್ಕ ಹಾದುಹೋದಳು. ಎಡಗೈಯ ಮೊಣಕೈ ಕೆಳಗೆ ಇಳಿಬಿದ್ದಿತ್ತು. ಒಂದು ಚಿಕ್ಕ ಹಳ್ಳ ಬಂದಾಗ ಆ ಕೈ ಹ್ಯಾಂಡಲ್ಲಿನಿಂದ ಜಾರಿ ಮತ್ತೆ ಹಿಡಿದುಕೊಂಡಿತು. ಚೋಟು ಕೋಚ್ ಸರ್ ಕಡೆ ನೋಡಿದಳು.

ಹೇಳಿಬಿಡಲೇ? ಕೋಚ್ ಸರ್ ಪಕ್ಕದಲ್ಲೇ ಇದ್ದರು. ಆದರೆ ಮಾತು ಕೊಟ್ಟಾಗಿತ್ತು. ಕೋಚ್ ಸರ್‌ಗೆ ಹೇಳಲ್ಲ ಅಂದಿದ್ದಳೇ ಹೊರತು, ಅಕ್ಕನಿಗೆ ಹೇಳಲ್ಲ ಅಂದಿರಲಿಲ್ಲವಲ್ಲ!

ಅಕ್ಕ ಮತ್ತೆ ತಿರುಗಿ ಬರುವಷ್ಟರಲ್ಲಿ ಚೋಟು ‘ಉಸಿರು’ ಒರೆಸಿದಳು. ಮನೆಯಲ್ಲಿ ಎಲ್ಲವೂ ಯಾವ ಮಾತಿಗೆ ತಣ್ಣಗಾಗುತ್ತಿತ್ತೋ ಅದನ್ನೇ ಬರೆದಳು. ಎರಡೇ ಅಕ್ಷರ. ದಪ್ಪ, ಗುಂಡು, ಪಕ್ಕದ ಬೀದಿಗೂ ಕಾಣುವ ಹಾಗೆ.

ಬಿಡು.

ಬೋರ್ಡನ್ನು ತಲೆಯ ಮೇಲೆತ್ತಿ ತುದಿಗಾಲಲ್ಲಿ ನಿಂತಳು. ಅಕ್ಕನ ಹೆಲ್ಮೆಟ್ ಇತ್ತ ತಿರುಗಿತು. ಓದಿದಳು. ತಲೆ ಒಮ್ಮೆ ಆಡಿಸಿದಳು.

ಅಬ್ಬ, ಅಂದುಕೊಂಡಳು ಚೋಟು.

ಅಷ್ಟರಲ್ಲಿ ಕೋಚ್ ಸರ್ ಬೋರ್ಡ್ ನೋಡಿದರು. ಅವರ ಹುಬ್ಬು ಮೇಲೇರಿತು. “ಅರೆ! ‘ಬಿಡು’ ಅಂತ ಬರೆದ್ಯಾ? ಭಲೇ! ಇದನ್ನ ನಾನೇ ಹೇಳ್ಬೇಕಿತ್ತು!” ಎಂದವರೇ ಬೇಲಿ ಹಿಡಿದು, ಹರಿದ ದನಿಯಲ್ಲೇ ಕಿರುಚಿದರು. “ಬಿಡೂ! ಗಾಡಿ ಬಿಡೂ! ಬಿಡು, ಬಿಡು, ಬಿಡು!”

ಚೋಟುವಿಗೆ ಆಗ ಹೊಳೆಯಿತು. ಅಭ್ಯಾಸದಲ್ಲಿ ಕೋಚ್ ಸರ್ ಕೂಗುತ್ತಿದ್ದುದೂ ಇದನ್ನೇ. ಪೂರ್ತಿ ವೇಗಕ್ಕೆ ಬಿಡು. ಹೆದರದೆ ಬಿಡು. ಅಕ್ಕನಿಗೆ ಮನೆಯಲ್ಲಿ ಒಂದು ಬಿಡು ಇತ್ತು, ಟ್ರ್ಯಾಕಿನಲ್ಲಿ ಇನ್ನೊಂದು ಬಿಡು ಇತ್ತು. ಅಕ್ಕ ಈಗ ಇದ್ದದ್ದು ಟ್ರ್ಯಾಕಿನಲ್ಲಿ.

ಇಂಜಿನ್ನಿನ ದನಿ ಏರಿತು. ಅಕ್ಕ ಅಜ್ಜಿ ಗೂನಿನ ಕಡೆ ನೇರ ಹೋಗುತ್ತಿದ್ದಳು. ಚೋಟು ಬಟ್ಟೆ ಹುಡುಕಿದಳು, ಸಿಗಲಿಲ್ಲ. ಅಂಗೈಯಲ್ಲೇ ಬೋರ್ಡು ಉಜ್ಜಿದಳು. ಯಾರಿಗೆ ತೋರಿಸುವುದು? ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು.

ಬೈಕು ನೆಲ ಬಿಟ್ಟಿತು. ಮೇಲೆ, ಇನ್ನೂ ಮೇಲೆ. ಮುಂದಿದ್ದ ರೈಡರ್ ಕೆಳಗೆ ಹತ್ತಿ ಇಳಿಯುತ್ತಿದ್ದಾಗ ಅಕ್ಕ ಅವಳ ಪಕ್ಕದ ಗಾಳಿಯಲ್ಲೇ ದಾಟಿದಳು. ಆಚೆ ಇಳಿಜಾರಿಗೆ ಬಿದ್ದಾಗ ಬೈಕು ಹಾವಿನಂತೆ ಹೊರಳಿತು. ಎಡಗೈ ಹ್ಯಾಂಡಲ್ಲಿನಿಂದ ಹಾರಿತು. ಒಂದೇ ಕೈಯಲ್ಲಿ ಹಿಡಿದಳು. ಕಾಲು ನೆಲಕ್ಕೆ ಕೊಟ್ಟಳು. ಬೈಕು ನೆಟ್ಟಗಾಯಿತು.

ಅದು ಕಡೆಯ ಸುತ್ತು. ಅಕ್ಕ ಮೂರನೆಯವಳಾಗಿ ಬಂದಳು.

ಎಲ್ಲರೂ ಓಡಿದರು. ಅಕ್ಕ ಹೆಲ್ಮೆಟ್ ತೆಗೆದಾಗ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಚರ್ಮ, ಉಳಿದದ್ದೆಲ್ಲ ಮಣ್ಣು. ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು.

“ಚೋಟು ‘ಬಿಡು’ ಅಂದ್ಲು. ಬಿಟ್ಟೆ!” ಎಂದಳು. ಯಾರೋ ಚೋಟುವನ್ನು ಹೆಗಲ ಮೇಲೆ ಎತ್ತಿಕೊಂಡರು. “ಮುಂದಿನ ಕೋಚ್ ಇವಳೇ” ಅಂತ ಇನ್ಯಾರೋ ಅಂದರು. ಚೋಟು ಮೇಲಿನಿಂದ ಅಕ್ಕನ ಎಡಗೈಯನ್ನೇ ನೋಡುತ್ತಿದ್ದಳು. ಆ ಕೈಯ ಗ್ಲೌಸ್ ತೆಗೆಯಲು ಅಕ್ಕನಿಂದ ಆಗುತ್ತಿರಲಿಲ್ಲ.

ಗ್ಲೌಸನ್ನು ಆಸ್ಪತ್ರೆಯಲ್ಲಿ ಕತ್ತರಿಯಿಂದ ಕತ್ತರಿಸಿದರು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಮೂಳೆ ಬಿರುಕು ಬಿಟ್ಟಿದೆ. ಇದು ಇವತ್ತಿನದಲ್ಲ. ಇವತ್ತು ಹೆಚ್ಚಾಗಿದೆ” ಎಂದರು.

ಬಸ್ಸಿನ ಕೆಲಸ ಮುಗಿಸಿ ಅಮ್ಮ ಅಲ್ಲಿಗೇ ಬಂದಿದ್ದಳು. ತಟ್ಟೆಯಲ್ಲಿ ಬಿದ್ದಿದ್ದ ಟೇಪಿನ ಸುರುಳಿಯನ್ನು ಎತ್ತಿ ನೋಡಿದಳು. ತುದಿ ಚೂರು ಮಡಚಿಕೊಂಡಿತ್ತು. ಅಮ್ಮ ಆ ಮಡಿಕೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ಚೋಟುವಿನ ಕಡೆ ನೋಡಿದಳು.

ಚೋಟು ಕಾಯುತ್ತಿದ್ದಳು. ಅವತ್ತು ಅಮ್ಮ ‘ಬಿಡು, ಹೋಗ್ಲಿ’ ಅನ್ನಲಿಲ್ಲ.

ಬೈಕು ಅಕ್ಕನದೇ ಆಯಿತು. ಆದರೆ ಅದಕ್ಕೆ ಹೊದಿಕೆ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿದರು. ಕೈಗೆ ಬಿಳಿ ಪ್ಲಾಸ್ಟರು ಬಂತು. ಸೀಸನ್ನಿನ ಮೊದಲ ರೇಸುಗಳು ಇವಳಿಲ್ಲದೆ ನಡೆಯುತ್ತವೆ ಅಂತ ಕೋಚ್ ಸರ್ ಹೇಳಿ ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅಕ್ಕ ಗೋಡೆಗೆ ಹೇಳಿಕೊಂಡಳು.

ಸಂಜೆ ಚೋಟು ಅಕ್ಕನ ಬೂಟಿನ ಮಣ್ಣನ್ನು ಹಳೇ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ತಲೆ ಎತ್ತದೆ ಅಂದಳು:

“ಅಕ್ಕಾ. ನಾನು ಬರೆದಿದ್ದು ಆ ಬಿಡು ಅಲ್ಲ.”

“ಯಾವ ಬಿಡು?”

“ಕೋಚ್ ಸರ್ ಬಿಡು ಅಲ್ಲ. ಅಮ್ಮನ ಬಿಡು.”

ಅಕ್ಕ ಪ್ಲಾಸ್ಟರಿನೊಳಗೆ ಪೆನ್ಸಿಲ್ ತೂರಿಸಿ ಕೆರೆದುಕೊಳ್ಳುತ್ತಿದ್ದವಳು ನಿಲ್ಲಿಸಿದಳು. ಮೊದಲು ನಗು ಬಂತು. ಆಮೇಲೆ ಅದು ಅರ್ಧಕ್ಕೇ ನಿಂತಿತು.

“ಹೆಲ್ಮೆಟ್ ಒಳಗೆ ಅಮ್ಮನ ಮಾತು ಕೇಳಿಸಲ್ಲ ಕಣೇ” ಎಂದಳು.

“ಗೊತ್ತಾಗಿದ್ರೆ ನಿಲ್ಲಿಸ್ತಿದ್ಯಾ?”

ಅಕ್ಕ ಪೆನ್ಸಿಲನ್ನು ಪ್ಲಾಸ್ಟರಿನಿಂದ ಹೊರಗೆಳೆದಳು. ಬೂಟಿನಿಂದ ಮಣ್ಣು ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು.

“ಗೊತ್ತಿಲ್ಲ” ಎಂದಳು ಕಡೆಗೆ. “ಇನ್ನೊಂದು ಸಲ ಹಂಗೆ ಅನ್ನಿಸಿದ್ರೆ ಬೇರೆ ಏನಾದ್ರೂ ಬರಿ. ಎರಡು ಅರ್ಥ ಬರದೇ ಇರೋ ಹಾಗೆ.”

“ಎಷ್ಟಕ್ಷರ?”

“ಎರಡೇ. ಕತೆ ಬರೀಬೇಡ.”

ಓಡಬಹುದು, ಬೈಕು ಮಾತ್ರ ಮುಟ್ಟಬಾರದು ಅಂತ ಡಾಕ್ಟರು ಹೇಳಿದ ಮೇಲೆ ಅಕ್ಕ ಮತ್ತೆ ಬೆಳಗ್ಗೆ ಏಳತೊಡಗಿದಳು. ಮನೆಯ ಹಿಂದಿನ ಖಾಲಿ ಮೈದಾನದಲ್ಲಿ ಸುತ್ತು ಹಾಕುತ್ತಿದ್ದಳು. ಕತ್ತು ಗಟ್ಟಿಯಾಗಿರಲಿ ಅಂತ ಹೆಲ್ಮೆಟ್ ಹಾಕಿಕೊಂಡೇ ಓಡುತ್ತಿದ್ದಳು. ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ, “ಬೈಕು ಎಲ್ಲೋ ಮರೆತು ಬಂದಿದೀರಾ ಅಂತ ಕಾಣುತ್ತೆ” ಎಂದು ನಕ್ಕು ಹೋದ.

ಒಂದು ಬೆಳಗ್ಗೆ ಚೋಟು ಬೋರ್ಡು ಹಿಡಿದು ಬಂದಳು. ಮೈದಾನದ ಮೂಲೆಯಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತಳು. ಅಕ್ಕನ ಉಸಿರು ಏರಿತ್ತು, ಪ್ಲಾಸ್ಟರಿನ ಕೈ ಎದೆಗೆ ಬಡಿಯುತ್ತಿತ್ತು. ಚೋಟು ಬರೆದಳು.

ಸಾಕು.

ಬೋರ್ಡನ್ನು ತಲೆಯ ಮೇಲೆತ್ತಿದಳು. ಅಕ್ಕ ಹತ್ತಿರ ಬಂದಳು. ಹೆಲ್ಮೆಟ್ ಇತ್ತ ತಿರುಗಿತು. ಓದಿದಳು. ಓದಿದಳು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

ಮತ್ತೆ ಮುಂದಕ್ಕೆ ಓಡಿಹೋದಳು.

ಈ ಸಲ ಪದ ಸರಿಯಾಗಿತ್ತು. ಅಕ್ಷರವೂ ಸರಿಯಾಗಿತ್ತು. ಒರೆಸಿ ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

ಬೋರ್ಡು ಭಾರವಾಗಿತ್ತು. ಅಕ್ಕ ಮೈದಾನದ ಆ ತುದಿ ಮುಟ್ಟಿ ತಿರುಗಿದಳು. ಚೋಟು ಬೋರ್ಡನ್ನು ಇಳಿಸಲಿಲ್ಲ. ಕಲ್ಲಿನ ಮೇಲೆ ಕಾಲು ಸರಿಮಾಡಿಕೊಂಡು, ಅಕ್ಕ ಬರುವ ಕಡೆಗೆ ಅದರ ಮುಖ ತಿರುಗಿಸಿ, ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು.