ಐವತ್ತಾರರ ಗಾಜು

ಕೀರ್ತಿಕುಮಾರನ ಮೂರನೇ ವರ್ಷದ ತಿಥಿಗೆ ಬಂದ ಧರ್ಮೇಶ ಎರಡನೇ ಸಲ ಪಾಯಸ ಹಾಕಿಸಿಕೊಂಡ. ಬಡಿಸಿದವನು ಸತ್ತ ಹುಡುಗನ ಅಪ್ಪ ಜವರಪ್ಪ. ಉಣ್ಣುತ್ತಿದ್ದವನು ಹುಡುಗನನ್ನು ಕೋವಿಯಿಂದ ಹೊಡೆದು ಕೊಂದವನು. ಸೌಟು ತುಂಬ ಹಾಕಿ ಮುಂದಿನ ಎಲೆಗೆ ನಡೆದ.

ಕೊಂದದ್ದನ್ನು ಧರ್ಮೇಶ ಯಾವತ್ತೂ ಅಲ್ಲವೆಂದಿರಲಿಲ್ಲ. "ಮಬ್ಬಲ್ಲಿ ಹಂದಿ ಅಂದ್ಕಂಬುಟ್ಟೆ ಕಣಣ್ಣ, ನನ್ ಕೈ ಸೇದೋಗ!" ಎಂದು ಆವತ್ತೇ ಜವರಪ್ಪನ ಅಂಗಳದಲ್ಲಿ ಬಿದ್ದು ಹೊರಳಾಡಿದ್ದ. ಕುಶಾಲನಗರದಾಚೆ ಕಾಡಿನಂಚಿಗೆ ಜೋಳ ಹಾಕಿದವರಿಗೆಲ್ಲ ಹಂದಿಯ ಕಾಟವೂ ಗೊತ್ತು, ಮುಸ್ಸಂಜೆಯ ಮಬ್ಬೂ ಗೊತ್ತು. ಊರು ನಂಬಿತು, ಪೊಲೀಸರು ನಂಬಿದರು, ಕೋರ್ಟು ಅಜಾಗರೂಕತೆ ಎಂದು ಸಣ್ಣ ಶಿಕ್ಷೆ ಕೊಟ್ಟು ಮನೆಗೆ ಕಳಿಸಿತು. ನಿಜಕ್ಕೂ ಕಣ್ತಪ್ಪೋ, ಇಲ್ಲ ಕಾಲುವೆ ನೀರಿನ ಹಳೆಯ ಜಗಳವೋ, ಜವರಪ್ಪನಿಗೆ ಇವತ್ತಿಗೂ ತಿಳಿಯದು. ತಿಳಿದಿದ್ದರೆ ಮನಸ್ಸಿಗೆ ಒಂದು ದಡವಾದರೂ ಸಿಗುತ್ತಿತ್ತು.

ಧರ್ಮೇಶ ಹೊರಬಂದ ಬಾಗಿಲಿನಿಂದಲೇ ತಾನೂ ಹೊರಬರಬೇಕೆಂದು ಜವರಪ್ಪ ನಿಶ್ಚಯಿಸಿದ. ಧರ್ಮೇಶನೂ ಮಬ್ಬಿನಲ್ಲಿ ಹಂದಿಯಾಗಬೇಕು. ಅದೇ ಮಾತು ಈಗ ತನ್ನ ಬಾಯಿಂದ ಬರಬೇಕು. ಜೈಲಿನ ಅಂಜಿಕೆ ಅವನಿಗೆ ಇರಲಿಲ್ಲ. ಆದರೆ ಮಗ ಹೋದಂದಿನಿಂದ ಹೆಂಡತಿ ಶಕುಂತಲಮ್ಮ ಗಂಡ ಎದುರು ಕೂತು ಬಲವಂತ ಮಾಡದೆ ಒಂದು ತುತ್ತು ಮುಟ್ಟಿದವಳಲ್ಲ. ಅವನು ಒಳಗಾದರೆ ಅವಳು ಉಳಿಯಳು.

ಕೆಂಡದ ಮೇಲೆ ಬೂದಿ ಎಳೆದಂತೆ ಅವನು ಸಿಟ್ಟನ್ನು ಮುಚ್ಚಿಟ್ಟ. ಧರ್ಮೇಶನ ಮಗಳ ಮದುವೆಗೆ ತಾನೇ ಹೋಗಿ ಚಪ್ಪರದ ಕಂಬ ನೆಟ್ಟ. "ದೊಡ್ಡ ಮನ್ಸು ಕಣಪ್ಪ ಜವರಪ್ಪಂದು, ನಮಗಾಗಿದ್ರೆ ಆಯ್ತಿರ್ಲಿಲ್ಲ" ಎಂದು ಜನ ಆಡಿಕೊಂಡರು. ಹಾಗೆಂದ ಒಬ್ಬೊಬ್ಬರನ್ನೂ ಅವನು ತನ್ನ ಸಾಕ್ಷಿಯೆಂದೇ ಎಣಿಸಿಕೊಂಡ.

ಉಳಿದದ್ದು ಗುರಿ. ಅಪ್ಪನ ಕಾಲದ ಲೈಸೆನ್ಸಿನ ರೈಫಲ್ ಇತ್ತು. ಕಣ್ಣು ಮಾತ್ರ ಮೊದಲಿನದಲ್ಲ. ಮೊದಲ ಗುಂಡು ತಪ್ಪಿದರೆ ಎರಡನೆಯದಕ್ಕೆ ನೆಪವಿಲ್ಲ. ಊರಿಗೆಲ್ಲ ಕತ್ತಲಾದ ಹೊತ್ತು ತನಗೊಬ್ಬನಿಗೆ ಬೆಳಕಿರಬೇಕು. ಮಡಿಕೇರಿಯ ಕೋವಿ ಅಂಗಡಿಯಲ್ಲಿ, ರೈಫಲಿನ ಮೇಲೆ ಕೂರಿಸುವ ದುರ್ಬೀನಿನಂಥ ಸ್ಕೋಪುಗಳನ್ನು ಒಂದೊಂದಾಗಿ ಕಣ್ಣಿಗಿಟ್ಟು, ಎದುರಿನ ಗೋಡೌನಿನ ಒಳಗತ್ತಲನ್ನು ನೋಡಿದ.

"ಮುಂದಿನ ಗಾಜು ನಲ್ವತ್ತು ಮಿಲಿಮೀಟರ್ ಇದ್ರೆ ಧಾರಾಳ ಆಯ್ತು ಗೌಡ್ರೆ," ಎಂದ ಅಂಗಡಿಯವನು.

"ಐವತ್ತಾರರದ್ದೇ ಕೊಡಿ."

"ಹಂದಿ ಕಾಯೋಕಾ, ಚಂದ್ರನ ಮೇಲೆ ಜಾಗ ನೋಡೋಕಾ?"

"ಕಣ್ಣು ಸೋತದ್ದು ಹಂದಿಗಳಿಗೂ ಗೊತ್ತಾಗೈತೆ ಕಣಪ್ಪ, ಎದುರ್ಗೇ ನಿಂತು ಮೇಯ್ತವೆ," ಎಂದು ಜವರಪ್ಪ ತಾನೂ ನಕ್ಕ.

ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸುವುದೂ ಅಲ್ಲಿತ್ತು. ಅದರಲ್ಲಿ ಉಸಿರೆಳೆದರೆ ಸಾಕು, ಚಿತ್ರ ಕುಣಿಯುತ್ತಿತ್ತು. ನೆರಳಿಗೆ ತಿರುಗಿಸಿದರೆ ಮಸಿಯಾಗುತ್ತಿತ್ತು. ಹಿಗ್ಗಿಸಿದಷ್ಟೂ ಬೆಳಕು ಸೋರಿಹೋಗುತ್ತದೆ, ಗಾಜು ಅಗಲವಾದಷ್ಟೂ ತುಂಬಿಕೊಳ್ಳುತ್ತದೆ. ಎರಡನ್ನೂ ತೂಗಿ ನೋಡಿ, ಮೂರರಿಂದ ಹನ್ನೆರಡು ಪಟ್ಟಿನದನ್ನು ಕೊಂಡ. ತನ್ನ ಹೊಲದ ಅಟ್ಟಣೆಯ ಮೇಲೆ ಸಂಜೆ ಸಂಜೆ ಕೂತು ಸ್ಕೋಪಿನ ಬಳೆಯನ್ನು ತಿರುಗಿಸಿ ತಿರುಗಿಸಿ ಎಂಟು ಪಟ್ಟಿಗೆ ನಿಲ್ಲಿಸಿದ. ಬರಿಗಣ್ಣಿಗೆ ಬದುವೇ ಕಾಣದ ಹೊತ್ತಿನಲ್ಲಿ ಜೋಳದ ತೆನೆಯ ಕೂದಲು ಎಳೆಎಳೆಯಾಗಿ ಕಂಡಿತು. ಆರಿಸಿದ್ದು ಸರಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಧರ್ಮೇಶ ದಿನವೂ ಎರಡು ಹೊಲಗಳ ನಡುವಿನ ಬದುವಿನ ಬಳಿ ಕುಕ್ಕರುಗಾಲಲ್ಲಿ ಕೂತು ನೀರಿನ ವಾಲ್ವ್ ತಿರುಗಿಸುತ್ತಿದ್ದ. ಆವತ್ತೂ ಬಂದು ಕೂತ. ಗಾಜಿನೊಳಗೆ ಅವನ ಕಿವಿಗೆ ಸಿಕ್ಕಿಸಿದ ಬೀಡಿಯೂ ಕಂಡಿತು. ಜವರಪ್ಪ ರೈಫಲಿನ ಕುದುರೆ ಎಳೆದ. ಒಂದೇ ಗುಂಡು.

ಹಗುರಾಗುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಕೀರ್ತಿ ಸತ್ತವನು ಸತ್ತೇ ಇದ್ದ. ಆದರೂ ಹೇಳಬೇಕಾದ್ದನ್ನು ಹೇಳುತ್ತಲೇ ಓಡಿದ: "ಅಯ್ಯಯ್ಯೋ, ಹಂದಿ ಅಂದ್ಕಂಬುಟ್ಟೆ! ನನ್ ಕೈ ಸೇದೋಗ!" ಕೂಡಿದ ಜನ ಅವನನ್ನೇ ಹಿಡಿದು ಕೂರಿಸಿ ನೀರು ಕುಡಿಸಿದರು. "ಬೇಕು ಅಂತ ಮಾಡೋನಾ ಇವ್ನು?" ಎಂದು ಪೊಲೀಸರ ಮುಂದೆ ಹೇಳಿದವರಲ್ಲಿ ಧರ್ಮೇಶನ ಸ್ವಂತ ಭಾವಮೈದುನನೂ ಇದ್ದ.

ಮಾರನೆಯ ಸಂಜೆ ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಜವರಪ್ಪನನ್ನು ಕರೆದುಕೊಂಡು ಅಟ್ಟಣೆ ಹತ್ತಿದ. ವಶಕ್ಕೆ ತೆಗೆದುಕೊಂಡ ರೈಫಲನ್ನು ಪೇದೆ ಕೆಳಗಿನಿಂದ ಎತ್ತಿಕೊಟ್ಟ. "ಮಬ್ಬು ಅನ್ನೋದೇನೋ ನಿಜ ಬಿಡಿ," ಎಂದ ಇನ್‌ಸ್ಪೆಕ್ಟರ್, ಕಣ್ಣು ಕಿರಿದು ಮಾಡಿ. "ಬದುವಿನ ಹತ್ರ ಏನೋ ಕಪ್ಪಗೆ ಮುದ್ದೆ ಥರ ಕಾಣುತ್ತೆ, ಹಂದಿ ಅಂದ್ರೂ ಹೌದು." ಜವರಪ್ಪ ಮೂರು ವರ್ಷದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟ. ಇನ್‌ಸ್ಪೆಕ್ಟರ್ ರೈಫಲನ್ನು ಭುಜಕ್ಕೆ ಆನಿಸಿ ಸ್ಕೋಪಿಗೆ ಕಣ್ಣಿಟ್ಟ. ಆಮೇಲೆ ಮೆತ್ತಗೆ ಕೇಳಿದ: "ಅಲ್ಲಿ ಕೂತಿರೋದು ನಿಮ್ಮ ಮನೆಯವರಲ್ವಾ ಜವರಪ್ಪ? ನಿಮ್ಮನ್ನೇ ಕಾಯ್ತಿದಾರೇನೋ. ಸೆರಗಲ್ಲಿ ಕಣ್ಣು ಒರೆಸ್ಕೋತಿದಾರೆ. ಮೂಗುತಿ ಕೂಡ ಕಾಣುತ್ತೆ." ಜವರಪ್ಪ ಬರಿಗಣ್ಣಲ್ಲಿ ಅತ್ತ ನೋಡಿದ, ಅವನಿಗೆ ಕಂಡದ್ದು ಕಪ್ಪು ಮುದ್ದೆ ಮಾತ್ರ. ಹೊತ್ತು, ಮಬ್ಬು, ಬಾಯಿಂದ ಬಂದ ಮಾತು ಎಲ್ಲವೂ ಧರ್ಮೇಶನದೇ ಆಗಿರುವಂತೆ ನೋಡಿಕೊಂಡಿದ್ದ. ಧರ್ಮೇಶನ ಕೋವಿಯ ಮೇಲೆ ಸ್ಕೋಪು ಇರಲಿಲ್ಲ.