ನಮ್ಮಿಬ್ಬರ ನಡುವೆ ಎಂಟು ಜನ

ಮೂರು ವರ್ಷದಿಂದ ಐವರ್ ನನ್ನ ಬೆನ್ನು ನೋಡಿಕೊಂಡೇ ನಡೆಯುತ್ತಿದ್ದಾನೆ. ನಾನು ಎಲ್ಲರಿಗಿಂತ ಮುಂದೆ, ಅವನು ಎಲ್ಲರಿಗಿಂತ ಹಿಂದೆ, ನಡುವೆ ಬೆಟ್ಟ ಹತ್ತಲು ರಜೆ ಹಾಕಿ ಬಂದ ಎಂಟು ಜನ. ಶನಿವಾರ ಆ ಎಂಟು ಜನ ಬಸ್ಸು ಹತ್ತಿದರೆ ಸಂಜೆಗೆ ಬೇರೆ ಎಂಟು ಜನ ಇಳಿಯುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇದೇ ಪಾಡು.

ನಮ್ಮ ಮಾತೆಲ್ಲ ವಾಕಿಟಾಕಿಯಲ್ಲಿ. ಒಂದೊಂದು ಗೇಟು, ಒಂದೊಂದು ಹೊಳೆ ದಾಟಿದಾಗಲೂ ನಾನು ತಲೆ ಎಣಿಸಿ "ಎಂಟು" ಅನ್ನಬೇಕು. ಅವನೂ ಹಿಂದಿನಿಂದ ಎಣಿಸಿ "ಎಂಟು" ಅನ್ನಬೇಕು. ಗೈಡುಗಳು ತಮ್ಮನ್ನು ಎಣಿಸಿಕೊಳ್ಳುವಂತಿಲ್ಲ. ಅಷ್ಟು ಪುಟ್ಟ ಮಾತಿನಲ್ಲೂ ಐವರ್ ಏನೇನೋ ತುಂಬಿ ಕಳಿಸುತ್ತಿದ್ದ. ಬೆಳಗಿನ ಎಂಟಿನಲ್ಲಿ ಆಕಳಿಕೆ ಇರುತ್ತಿತ್ತು, ಊಟ ಮುಗಿದ ಮೇಲಿನದರಲ್ಲಿ ಕೀಟಲೆ. ಸಂಜೆ ಇಳಿಯುವಾಗ ಅವನು ಅದನ್ನು ಎಷ್ಟು ಮೆತ್ತಗೆ ಅನ್ನುತ್ತಿದ್ದನೆಂದರೆ, ನನ್ನ ಕಿವಿ ಕೆಂಪಾಗುತ್ತಿತ್ತು. ಪುಣ್ಯಕ್ಕೆ ಅವನಿಗೆ ಕಾಣುತ್ತಿದ್ದದ್ದು ನನ್ನ ಟೋಪಿ ಮಾತ್ರ.

ಮುಂದಿನವರು ಮುಂದೆ, ಹಿಂದಿನವರು ಹಿಂದೆ, ಗೈಡುಗಳ ನಡುವೆ ಪ್ರೇಮಗೀಮ ಬೇಡ. ಈ ನಿಯಮವನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ನಾನೇ. ಏಳು ವರ್ಷದ ಹಿಂದೆ ಕೊನೆಯಲ್ಲಿ ನಡೆಯುತ್ತಿದ್ದವನು ನನ್ನ ಗಂಡ ಗಾರ್ಡನ್. ಹಲ್ಲಿನ ಡಾಕ್ಟರೊಬ್ಬಳ ಜೊತೆ ಮಾತಾಡುತ್ತಾ ಮಾತಾಡುತ್ತಾ ದಿನದಿನವೂ ಇನ್ನಷ್ಟು ಹಿಂದೆ ಉಳಿದ. ಶನಿವಾರ ಅವಳ ಜೊತೆಗೇ ಬ್ರಿಸ್ಟಲ್ ಬಸ್ಸು ಹತ್ತಿದ. ಅಂದಿನಿಂದ ನಡೆಯುವಾಗ ನಾನು ಹಿಂದೆ ತಿರುಗಿ ನೋಡುವುದು ಎಣಿಸುವುದಕ್ಕೆ ಮಾತ್ರ.

ನನ್ನ ಗೆಸ್ಟ್‌ಹೌಸ್ ಇರುವುದು ರಸ್ತೆ ಮುಗಿಯುವ ಜಾಗದಲ್ಲಿ. ಮೂರು ಕಡೆ ಬೆಟ್ಟ, ಒಂದು ಕಡೆ ಸರೋವರ. ಬಂದವರೆಲ್ಲ ತಪ್ಪದೆ ಹೇಳುತ್ತಾರೆ: "ಎಂಥಾ ಸ್ವತಂತ್ರ ಬದುಕು ನಿಮ್ದು, ಉನಾ!" ನಾನು ನಗುತ್ತೇನೆ. ಚಳಿಗಾಲದ ಐದು ತಿಂಗಳು ಕಿಟಕಿಗಳಿಗೆ ಬಣ್ಣ ಬಳಿಯುತ್ತಾ, ರೈನ್‌ಕೋಟುಗಳ ಜಿಪ್ ಸರಿ ಮಾಡುತ್ತಾ ನಾನೊಬ್ಬಳೇ ಅಲ್ಲಿ ಕೊಳೆಯುವುದನ್ನು ಅವರ್‍ಯಾರೂ ನೋಡಿಲ್ಲ. ನಾನೇ ಕಟ್ಟಿದ ಬೇಲಿಯೊಳಗೆ ನಾನೇ ಸಿಕ್ಕಿಬಿದ್ದಿದ್ದೆ.

ಈ ಸೀಸನ್ನಿನ ಕೊನೆಯ ವಾರದ ಸೋಮವಾರ, ನಾನು ಸೂಪು ಕಲಕುತ್ತಿದ್ದಾಗ ಐವರ್ ಬಂದು ಬಾಗಿಲಿಗೆ ಒರಗಿ ನಿಂತ. "ಶನಿವಾರ ನಾರ್ವೆಗೆ ಹೊರಟೆ. ಚಳಿಗಾಲ ಪೂರ್ತಿ ಅಲ್ಲೇ ಕೆಲಸ. ಇಬ್ಬರು ಬೇಕಂತೆ ಅವರಿಗೆ."

"ಒಳ್ಳೇದಾಯ್ತಲ್ಲ."

"ಇಬ್ಬರು ಅಂದೆ, ಉನಾ. ಬರ್ತೀಯಾ?"

"ಸೂಪು ತಳ ಹಿಡೀತಿದೆ," ಎಂದೆ.

ಅವನು ಪಾತ್ರೆಯೊಳಗೆ ಬಗ್ಗಿ ನೋಡಿದ. ಒಲೆಯನ್ನು ನಾನಿನ್ನೂ ಹಚ್ಚೇ ಇರಲಿಲ್ಲ. ಪುಣ್ಯಾತ್ಮ ತುಟಿ ಕಚ್ಚಿ ನಗು ತಡೆದುಕೊಂಡು ಹೊರಗೆ ಹೋದ.

ಗುರುವಾರ ಬೆಳಗ್ಗೆಯಿಂದಲೇ ಮಳೆ. ಕಣಿವೆ ದಾಟಿ ಇಳಿದರೆ ಎರಡು ಹೊಳೆಗಳ ನಡುವೆ ಒಂದು ಬಾಥಿ ಇದೆ. ಬೀಗವಿಲ್ಲದ ಹಳೇ ಕಲ್ಲುಮನೆ, ಬೆಟ್ಟದಲ್ಲಿ ಸಿಕ್ಕಿಕೊಂಡವರು ಯಾರು ಬೇಕಾದರೂ ಒಳಗೆ ಹೋಗಿ ಬೆಂಕಿ ಹಾಕಿಕೊಳ್ಳಬಹುದು. ಮೊದಲ ಹೊಳೆಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಮೂವರು ಮೂವರಾಗಿ ಕೈ ಹಿಡಿಸಿ ದಾಟಿಸುತ್ತಿದ್ದಾಗ ಐವರ್ ಈಚೆ ದಡಕ್ಕೆ ಬಂದು ನನ್ನ ಪಕ್ಕದಲ್ಲೇ ನಿಂತ. ನಮ್ಮಲ್ಲಿ ಗೈಡುಗಳಿಗೆ ಕೆಂಪು ಕೋಟು, ಅತಿಥಿಗಳಿಗೆ ಹಳದಿ. ಅವನ ಮೈಮೇಲೆ ಹಳದಿ ಇತ್ತು.

"ನಿನ್ನ ಕೋಟೆಲ್ಲಿ?"

"ಮಿಸ್ ಟೆನ್ನಂಟ್‌ಗೆ ಕೊಟ್ಟೆ. ಅವರದ್ರ ಜಿಪ್ ಹೋಗಿತ್ತು, ಅದನ್ನ ನಾನು ಹಾಕ್ಕೊಂಡೆ. ಉನಾ, ನಾಳೆ ಒಂದೇ ದಿನ ಉಳಿದಿರೋದು."

"ಹಿಂದೆ ಹೋಗು ಐವರ್. ನಿನ್ನ ಜಾಗ ಅದಲ್ವಾ?"

"ಹೂಂ ಅನ್ನು, ಇಲ್ಲ ಊಹೂಂ ಅನ್ನು. ಸುಮ್ನಿರಬೇಡ ಅಷ್ಟೇ."

ಮಳೆಹನಿ ಅವನ ರೆಪ್ಪೆಯ ಮೇಲೆ ನಿಂತಿತ್ತು. ಅಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ನಾನು ನೋಡಿಯೇ ಇರಲಿಲ್ಲ. ಬೂದು ಬಣ್ಣದ ಕಣ್ಣು, ಎಡಗಣ್ಣಿನಲ್ಲಿ ಒಂದು ಕಂದು ಚುಕ್ಕೆ. ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ: ಸುಮ್ಮನಿದ್ದೆ. ಅವನು ತಲೆತಗ್ಗಿಸಿ ಉಳಿದವರ ಜೊತೆ ಬಾಥಿಯ ಕಡೆ ನಡೆದ. ನಾನು ಹಿಂದಿನಿಂದ ಹಳದಿ ಬೆನ್ನುಗಳನ್ನು ಎಣಿಸಿದೆ. "ಎಂಟು," ಎಂದೆ. ಅವನ ಕಡೆಯಿಂದ ಉತ್ತರ ಬರಲಿಲ್ಲ. ಕೋಪ ಬಂದಿದೆ, ಇರಲಿ ಅಂದುಕೊಂಡೆ.

ಬಾಥಿಯಲ್ಲಿ ಬೆಂಕಿ ಹತ್ತಿತು. ಎಂಟು ಕಪ್ಪು ಚಹಾ ಬಗ್ಗಿಸಿದೆ. ಗೈಡುಗಳು ಕುಡಿಯುವುದು ಆಮೇಲೆ. ಲೀಡ್ಸ್‌ನ ನೈಜೆಲ್ ಕಾಲಿನ ಬೊಬ್ಬೆಗಳನ್ನು ಎಲ್ಲರಿಗೂ ತೋರಿಸುತ್ತಾ ತನ್ನ ಕಪ್ಪು ತೆಗೆದುಕೊಂಡ. ಎಲ್ಲರೂ ತೆಗೆದುಕೊಂಡ ಮೇಲೂ ಒಂದು ಕಪ್ಪು ಹಬೆಯಾಡುತ್ತಾ ಹಲಗೆಯ ಮೇಲೆ ಉಳಿಯಿತು.

ನಾನು ಆ ಕಪ್ಪು ನೋಡಿದೆ. ಐವರ್‌ನ ಹಳದಿ ಕೋಟು ನೋಡಿದೆ.

"ಐವರ್, ಮಿಸ್ ಟೆನ್ನಂಟ್ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. "ನೀನು ಎಂಟು ಅಂದೆಯಲ್ಲ!"

"ನಿನ್ನನ್ನೂ ಸೇರಿಸಿ ಎಣಿಸಿಬಿಟ್ಟೆ."

ಹೊಳೆಗೆ ಓಡಿದೆವು. ಅರ್ಧ ಗಂಟೆಯಲ್ಲಿ ನೀರು ಸೊಂಟದೆತ್ತರಕ್ಕೆ ಏರಿ, ಕಂದು ಬಣ್ಣಕ್ಕೆ ತಿರುಗಿ, ಕಲ್ಲುಗಳನ್ನು ಗಡಗಡ ಉರುಳಿಸುತ್ತಿತ್ತು. ಆಚೆ ದಡದ ಬಂಡೆಯ ಕೆಳಗೆ ಪುಟ್ಟದೊಂದು ಕೆಂಪು ಕೋಟು ಕೂತಿತ್ತು. ಪೇಸ್ಲಿಯ ನಿವೃತ್ತ ಹೆಡ್‌ಮಿಸ್ ಮಿಸ್ ಟೆನ್ನಂಟ್, ಅರವತ್ತೊಂಬತ್ತು ವರ್ಷ. ಬಂಡೆಯ ಮರೆಗೆ ಹೋಗಿದ್ದಾರೆ, ಹಿಂದೆ ಯಾರೂ ಇರಲಿಲ್ಲ, ನಾವು ಬಂದುಬಿಟ್ಟಿದ್ದೇವೆ. ಕೈ ಬೀಸಿದರು, ಏಳಲು ಹೋದರು, ಮತ್ತೆ ಕುಸಿದರು. ಅಲ್ಲಿ ಫೋನು ಸಿಗುವುದಿಲ್ಲ. ಆ ಚಳಿ ಮಳೆಯಲ್ಲಿ ಅವರೊಬ್ಬರೇ ಸಂಜೆಯವರೆಗೆ ಉಳಿಯಲಾರರು.

"ಮೇಲೆ ತಂತಿ ಸೇತುವೆ ಇದೆ, ನಾನು ಹೋಗ್ತೀನಿ," ಎಂದ ಐವರ್.

ಅದನ್ನು ಸೇತುವೆ ಅನ್ನಬೇಕೋ ಬೇಡವೋ. ಕಾಲಿಡಲು ಒಂದು ತಂತಿ, ಹಿಡಿಯಲು ಇನ್ನೊಂದು. ಅತಿಥಿಗಳನ್ನು ಅದರ ಹತ್ತಿರವೂ ಬಿಡುವುದಿಲ್ಲ. ಏಳು ಜನರನ್ನು ಬಿಟ್ಟು ನಾನು ಹೋಗುವಂತಿಲ್ಲ. ಬೇಡ ಅನ್ನುವಂತೆಯೂ ಇಲ್ಲ.

"ಹುಷಾರು," ಎಂದೆ. ಮೂರು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಪ್ರೀತಿಯ ಮಾತು ಅದು. ಅದೂ ಗದರಿದ ಹಾಗೆ ಬಂತು.

ಅವನು ಮಂಜಿನಲ್ಲಿ ಮರೆಯಾದ. ಹಿಂದಿನ ಹೊಳೆ ತುಂಬಿತ್ತು, ಅಷ್ಟರಲ್ಲಿ ಮುಂದಿನದೂ ತುಂಬಿತು. ಏಳು ಜನ, ಒಂದು ಕೋಣೆ, ಸಣ್ಣ ಕಿಟಕಿ. ಎಲ್ಲರ ಒದ್ದೆ ಕಾಲುಚೀಲಗಳ ನಾತ. ವಾಕಿಟಾಕಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತೆ. ಹಿಂದೆ ತಿರುಗದೆ ನಡೆದರೆ ಯಾರನ್ನೂ ಕಳೆದುಕೊಳ್ಳುವುದಿಲ್ಲ ಅಂದುಕೊಂಡಿದ್ದೆನಲ್ಲ, ಈಗ ಇಬ್ಬರನ್ನು ಒಟ್ಟಿಗೆ ಕಳೆದುಕೊಳ್ಳಲಿದ್ದೆ. ಐವತ್ತು ನಿಮಿಷ ಹಾಗೇ ನಿಂತಿದ್ದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ.

ವಾಕಿಟಾಕಿ ಗೊರಗೊರ ಅಂದಿತು. "ಸಿಕ್ಕಿದ್ರು. ಮೊಣಕಾಲು ಉಳುಕಿದೆ, ನಡೆಯೋಕಾಗಲ್ಲ. ಟಾರ್ಪಾಲು ಹೊದಿಸಿ ಫ್ಲಾಸ್ಕಿನ ಬಿಸಿ ಸೂಪು ಕುಡಿಸಿದೀನಿ. ಮೈಯೇನೋ ತಣ್ಣಗಾಗಿದೆ, ಬಾಯಿ ಮಾತ್ರ ಬೆಚ್ಚಗೇ ಇದೆ."

ಹೊಸ್ತಿಲ ಮೇಲೆ ಕೂತುಬಿಟ್ಟೆ. "ಮಿಸ್ ಟೆನ್ನಂಟ್, ತಪ್ಪು ನಂದು. ನಾನೇ ತಪ್ಪಾಗಿ ಎಣಿಸಿದೆ."

"ಅವಳದ್ದಲ್ಲ, ನಂದು. ಜಾಗ ಬಿಟ್ಟು ಮುಂದೆ ಹೋದವನು ನಾನು," ಎಂಬ ಐವರ್‌ನ ದನಿ ಬಂತು.

"ಇಬ್ಬರೂ ಸಾಕು ಮಾಡಿ!" ಅದು ಮಿಸ್ ಟೆನ್ನಂಟ್. ವಾಕಿಟಾಕಿ ಕಿತ್ತುಕೊಂಡಿದ್ದರು ಅಂತ ಕಾಣುತ್ತದೆ. "ಯಾಕಪ್ಪಾ ಬಿಟ್ಟೆ ಜಾಗನ?"

"ಒಂದು ಪ್ರಶ್ನೆ ಕೇಳೋದಿತ್ತು, ಮಿಸ್."

"ಉತ್ತರ ಸಿಕ್ತಾ?"

"ಇಲ್ಲ."

"ಉನಾ, ಕೇಳಿಸ್ಕೋಮ್ಮ. ಮೂವತ್ತೆಂಟು ವರ್ಷ ಪಾಠ ಮಾಡಿದೀನಿ. ಉತ್ತರ ಗೊತ್ತಿಲ್ದೇ ಇರೋ ಮಕ್ಕಳ ಮೇಲೆ ನಂಗೆ ಯಾವತ್ತೂ ಸಿಟ್ಟು ಬಂದಿಲ್ಲ. ಗೊತ್ತಿದ್ದೂ ಕೈ ಎತ್ತದೆ ಕೂತಿರ್ತಾವಲ್ಲ, ಅವನ್ನ ಕಂಡ್ರೆ ಮೈಯೆಲ್ಲ ಉರಿಯೋದು."

ಬಾಥಿಯೊಳಗಿದ್ದವರೆಲ್ಲ ಬಾಗಿಲ ಹತ್ತಿರ ಸರಿದರು. ನೈಜೆಲ್ ಕೂಡ ಬೊಬ್ಬೆ ಮರೆತು ಕತ್ತು ಚಾಚಿದ್ದ. ಏಳು ಜನರ ಎದುರಿಗೆ ಮಾತಾಡಬೇಕಿತ್ತು. ಹೊರಗೆ ಹೋಗೋಣವೆಂದರೆ ಧಾರಾಕಾರ ಮಳೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ, ತಪ್ಪಿಸಿಕೊಂಡು ತಪ್ಪಿಸಿಕೊಂಡು ನನಗೂ ಸಾಕಾಗಿತ್ತು.

ಬಟನ್ ಒತ್ತಿದೆ. "ಐವರ್, ನಾನ್ಯಾಕೆ ಹಿಂದೆ ತಿರುಗಿ ನೋಡಲ್ಲ ಗೊತ್ತಾ? ಒಂದಿನ ತಿರುಗಿದಾಗ ಅಲ್ಲಿ ನೀನು ಇಲ್ದೇ ಹೋದ್ರೆ ಅಂತ. ಒಂದು ಸಲ ಹಾಗಾಗಿದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಅವನ ದನಿ ಬಂತು, ಸಂಜೆಯ ಎಂಟಿನ ಹಾಗೆ ಮೆತ್ತಗೆ.

"ಮೂರು ವರ್ಷದಲ್ಲಿ ನಾನು ಜಾಗ ಬಿಟ್ಟಿದ್ದು ಇವತ್ತೊಂದೇ ದಿನ, ಉನಾ. ಅದೂ ನಿನ್ನ ಹತ್ರ ಬರೋಕೆ."

ಅತ್ತುಬಿಟ್ಟೆ. ನಾಚಿಕೆ ಬಿಟ್ಟು, ಮೂಗು ಸೊರಸೊರ ಎಳೆಯುತ್ತಾ ಅತ್ತೆ. ಯಾರೋ ಹಿಂದಿನಿಂದ ಒಂದು ಕಾಲುಚೀಲ ಚಾಚಿದರು, ಅದರಲ್ಲೇ ಒರೆಸಿಕೊಂಡೆ.

"ಬರ್ತೀನಿ. ನಾರ್ವೆಗೆ. ಕಿಟಕಿಗಳಿಗೆ ಬಣ್ಣ ಮುಂದಿನ ವರ್ಷ ಬಳಿದ್ರಾಯ್ತು," ಎಂದೆ.

"ಜೋರಾಗಿ ಹೇಳಮ್ಮ, ಕೊನೇ ಬೆಂಚಿಗೆ ಕೇಳಿಸಲಿಲ್ಲ!" ಎಂದರು ಮಿಸ್ ಟೆನ್ನಂಟ್.

"ಬರ್ತೀನಿ!" ಎಂದು ಕಿರುಚಿದೆ. ವಾಕಿಟಾಕಿಯೇ ಬೇಕಿರಲಿಲ್ಲ, ಆಚೆ ದಡಕ್ಕೆ ಹಾಗೇ ಕೇಳಿಸಿರಬೇಕು.

ಮೂರರ ಹೊತ್ತಿಗೆ ಮಳೆ ನಿಂತಿತು. ನಮ್ಮ ಹೊಳೆಗಳು ಏರುವುದೂ ಬೇಗ, ಇಳಿಯುವುದೂ ಬೇಗ. ಐದೂವರೆಗೆ ನೀರು ಮತ್ತೆ ಮೊಣಕಾಲಿಗೆ ಬಂತು. ಐವರ್ ಮಿಸ್ ಟೆನ್ನಂಟ್‌ರನ್ನು ಬೆನ್ನ ಮೇಲೆ ಹೊತ್ತು ಇಳಿದ. ನಾನು ಕಾಯಲಾರದೆ ನಡು ಹೊಳೆಗೇ ಹೋಗಿ ಅವನ ಮೊಣಕೈ ಹಿಡಿದೆ. ಅವನ ಕೈ ಮಂಜುಗಡ್ಡೆಯಾಗಿತ್ತು. ದಡ ಸೇರಿದ ಮೇಲೂ ನಾನು ಅದನ್ನು ಬಿಡಲಿಲ್ಲ.

ನೈಜೆಲ್ ಮತ್ತು ಇನ್ನೊಬ್ಬರು ಸೇರಿ ಕೈಗೆ ಕೈ ಹೆಣೆದು ಮಣೆ ಮಾಡಿ ಹೆಡ್‌ಮಿಸ್‌ರನ್ನು ಎತ್ತಿಕೊಂಡರು. ಅಷ್ಟು ಎತ್ತರದಿಂದ ಅವರು ಬೆರಳು ತೋರಿಸಿದರು. "ಈಗ ಎಣಿಸು. ಸರಿಯಾಗಿ."

ಎಣಿಸಿದೆ. ಒಬ್ಬೊಬ್ಬರ ಮುಖ ನೋಡಿ ಎಣಿಸಿದೆ, ಕೋಟು ನೋಡಿ ಅಲ್ಲ. ಕೊನೆಗೆ ಪಕ್ಕಕ್ಕೆ ತಿರುಗಿ ಐವರ್‌ನನ್ನು ನೋಡಿದೆ. ನನ್ನ ಕೈ ಅವನ ಕೈಯಲ್ಲೇ ಇತ್ತು.

"ಹತ್ತು," ಎಂದೆ.

ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಆಮೇಲೆ ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಒಂದು ಗೇಣು ದೂರದಲ್ಲಿ ನಿಂತಿದ್ದ ನನಗೆ ಉತ್ತರ ಕೊಟ್ಟ.

"ಹತ್ತು."