ಮಲಗಿದ್ದ ಹುಡುಗನ ಟಿಕೆಟ್

ಬುತ್ತಿಯ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದಾಗ ಯಾರೋ ಸೆರಗು ಎಳೆದಂತಾಯಿತು. ಮೊಮ್ಮಗಳು ಯಶಶ್ರೀ ಎಂದುಕೊಂಡೆ. ಅವಳು ಆಗಲೇ ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದಳು.

ಬಸವನಗುಡಿಯಿಂದ ಬನ್ನೇರುಘಟ್ಟದ ಮೃಗಾಲಯಕ್ಕೆ ಹೊರಟಿದ್ದೆವು. ಹಿಂದೆ ನನ್ನ ಹಿರಿಮಗ ವೇಣುವೂ ಅಲ್ಲಿಗೆ ಹೋಗೋಣವೆಂದು ಪೀಡಿಸುತ್ತಿದ್ದ. ಆರು ವರ್ಷದವನು, ನನ್ನ ತಂಗಿ ದ್ರೌಪದಿಯ ಊರಿಗೆ ಹೋದಾಗ ಬಾವಿಗೆ ಬಿದ್ದು ತೀರಿಕೊಂಡ. ಅವಳು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದೆ.

ನೀರಾನೆಯ ಕೊಳದ ಮುಂದೆ ಯಶಶ್ರೀ, "ಅಜ್ಜೀ, ಅದು ನನ್ನ ನೋಡ್ತಾನೇ ಇಲ್ಲ. ನಿನ್ ಪಕ್ಕದಲ್ಲಿ ಯಾರನ್ನೋ ನೋಡ್ತಿದೆ" ಎಂದಳು.

"ನಿನ್ ಬಾಯಿಗೆ ಹೆದರ್ಕೊಂಡಿದೆ ಬಿಡೇ" ಎಂದು ಸೊಸೆ ಪ್ರತಿಭಾ ನಕ್ಕಳು.

ಅಷ್ಟು ಬಿಸಿಲಿನಲ್ಲೂ ನನ್ನ ಎಡಗೈ ತಣ್ಣಗೆ ಒದ್ದೆಯಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೊಡೆ ಭಾರವಾಯಿತು, ಮಗು ನಿದ್ದೆಹೋದಾಗ ಆಗುವಂತೆ. ಕಂಡಕ್ಟರ್ ನಮಗೆಲ್ಲ ಹೆಂಗಸರ ಫ್ರೀ ಟಿಕೆಟ್ ಕೊಟ್ಟು, "ಮಲಗಿರೋ ಹುಡುಗನಿಗೆ ಹಾಫ್ ಟಿಕೆಟ್ ತಗೊಳ್ಳಿ ಅಜ್ಜಿ" ಎಂದ. ಯಶಶ್ರೀ ಮುಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತಿದ್ದಳು. ನಾನು ದುಡ್ಡು ಕೊಟ್ಟೆ. ನಮ್ಮ ಸ್ಟಾಪು ಬರುವವರೆಗೂ ಕಾಲು ಅಲ್ಲಾಡಿಸಲಿಲ್ಲ.

ಹಿಂದೊಮ್ಮೆ, ದೊಡ್ಡವರ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹೊಸತರಲ್ಲಿ, ತಂಗಿಗೊಂದು ಕಾಗದ ಬರೆದು, ಕಳಿಸಲು ಮನಸ್ಸು ಬಾರದೆ ಇಟ್ಟಿದ್ದೆ. ಮರುದಿನ ಅದರ ಕೊನೆಗೆ, "ದ್ರೌಪದಿ, ವೇಣು ನನ್ನ ತೊಡೆಯ ಮೇಲೆ ಚೆನ್ನಾಗಿ ನಿದ್ದೆ ಮಾಡಿದ. ನೀನಿನ್ನು ಅಳಬೇಡ, ಮನೆಗೆ ಬಾ" ಎಂದು ಸೇರಿಸಿದೆ. ಆ ಹಾಫ್ ಟಿಕೆಟನ್ನೂ ಒಳಗಿಟ್ಟು ಅಂಚೆಗೆ ಹಾಕಿ ಬಂದೆ.